ಪಾತ್ರದಾಟದ ನಿಯಮ ಪುಸ್ತಕ ಕಟ್ಟುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಮನೆಯ ಚಾವಡಿಯಲ್ಲಿ ಭಾನುವಾರ ಸಂಜೆ ಸೇರುವ ಸಣ್ಣ ಗುಂಪು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಆಡುತ್ತೇವೆ. ನಾವು ಅದನ್ನು ಪಾತ್ರದಾಟ ಅಂತ ಕರೆಯುತ್ತೇವೆ. ನಮ್ಮದೇ ಒಂದು ಕನ್ನಡ ನಿಯಮ ಪುಸ್ತಕ ಮಾಡಿದ್ದೇವೆ, ಈಗ ಮೂರನೇ ಸಲ ಅದನ್ನು ಬಿಚ್ಚಿ ಕಟ್ಟುತ್ತಿದ್ದೇವೆ. ಮಂಜೇಶ್ವರ, ಕುಂಬಳೆ, ಮುಳ್ಳೇರಿಯ ಕಡೆಯ ಗೆಳೆಯರು ತಾವೂ ಇಂಥದ್ದು ಮಾಡಬೇಕು ಅಂತ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಪಾತ್ರದಾಟ ಅಂದರೆ ಏನು?

ತಾಳಮದ್ದಳೆ ನೋಡಿದ್ದೀರಲ್ಲ? ವೇಷ ಇಲ್ಲ, ಕುಣಿತ ಇಲ್ಲ. ಕುಳಿತಲ್ಲೇ ಒಬ್ಬರು ಕೃಷ್ಣ, ಒಬ್ಬರು ಕೌರವ. ಮಾತು ಆಗಲೇ ಹುಟ್ಟುತ್ತದೆ. ಪಾತ್ರದಾಟವೂ ಹಾಗೆಯೇ, ಆದರೆ ಕತೆಯ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಸಂಶಯ ಬಂದಲ್ಲಿ ದಾಳ ಹಾಕುತ್ತೇವೆ. ಆಟ ನಡೆಸುವವರನ್ನು ನಮ್ಮ ಗುಂಪಿನಲ್ಲಿ ಭಾಗವತರು ಎನ್ನುತ್ತೇವೆ.

ನಿಯಮ ಚೆನ್ನಾಗಿದ್ದರೆ ಸಾಲದೇ? ಪುಟದ ಜೋಡಣೆಗೆ ಇಷ್ಟು ತಲೆ ಯಾಕೆ?

ನಮ್ಮ ಮೊದಲ ಪುಸ್ತಕದ ಒಂದು ಘಟನೆ ಹೇಳುತ್ತೇನೆ. ಆಟದಲ್ಲಿ ಒಬ್ಬಳ ಪಾತ್ರ ಕತ್ತಲೆಯಲ್ಲಿ ಓಡುತ್ತಾ ಪಾಳು ಬಾವಿಗೆ ಬಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ಕುಳಿತರು. ಎಷ್ಟು ಪೆಟ್ಟಾಯಿತು? ಭಾಗವತರು ಪುಸ್ತಕ ತೆರೆದರು. ಗಾಯದ ಅಧ್ಯಾಯದಲ್ಲಿ ಇಲ್ಲ. ಹೊಡೆದಾಟದಲ್ಲಿ ಇಲ್ಲ. ಕೊನೆಗೆ ಸಿಕ್ಕಿದ್ದು ಪ್ರಯಾಣದ ಅಧ್ಯಾಯದ ಕೊನೆಯ ಪ್ಯಾರಾದಲ್ಲಿ, ಬೆಟ್ಟ ಹತ್ತುವುದರ ಬಗ್ಗೆ ಬರೆಯುತ್ತಾ ನಾವೇ ಅಲ್ಲಿ ಸೇರಿಸಿದ್ದೆವು. ಅಷ್ಟು ಹೊತ್ತಿಗೆ ಇಬ್ಬರು ಫೋನು ತೆಗೆದಿದ್ದರು, ಒಬ್ಬ ನೀರು ಕುಡಿಯಲು ಒಳಗೆ ಹೋಗಿದ್ದ. ನಿಯಮ ಸರಿಯಾಗಿಯೇ ಇತ್ತು. ಆದರೆ ಆ ಬಾವಿಯ ಭಯ ಆಗಲೇ ಹೋಗಿತ್ತು.

ಅವತ್ತಿನಿಂದ ನಾನು ಯಕ್ಷಗಾನದ ಪ್ರಸಂಗ ಪುಸ್ತಕವನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಯಕ್ಷಗಾನ ಕವಿ, ಕುಂಬಳೆಯ ಪಾರ್ತಿಸುಬ್ಬನ ನಾಡಿನವರು ನಾವು, ಚಿಕ್ಕಂದಿನಿಂದ ಆ ಪುಸ್ತಕ ಕಂಡವರೇ. ಭಾಗವತರ ಎದುರು ಅದು ತೆರೆದೇ ಇರುತ್ತದೆ. ಪ್ರತಿ ಪದ್ಯದ ತಲೆಯ ಮೇಲೆ ರಾಗ, ತಾಳ ಬರೆದಿರುತ್ತದೆ. ಕೆಳಗೆ ಪದ್ಯ. ಅಷ್ಟೇ. ಯಾರು ಎಷ್ಟು ಮಾತಾಡಬೇಕು, ಹೇಗೆ ವಾದ ಮಾಡಬೇಕು ಅಂತ ಅಲ್ಲಿ ಇರುವುದಿಲ್ಲ. ಅದು ಪಾತ್ರದ ಮಾತು ಹೇಳುವ ಅರ್ಥಧಾರಿಯ ಕೆಲಸ. ತಾಳ ಹಾಕುತ್ತಾ, ಮದ್ದಳೆಯವರ ಕಡೆ ನೋಡುತ್ತಾ, ಅರ್ಧ ಕ್ಷಣ ಕಣ್ಣು ಕೆಳಗೆ ಮಾಡಿದರೆ ಬೇಕಾದದ್ದು ಸಿಗುತ್ತದೆ.

ನಿಯಮ ಪುಸ್ತಕವೂ ಹಾಗಿರಬೇಕು. ಮನೆಯಲ್ಲಿ ಅದನ್ನು ಒಂದು ಸಲ ಓದುತ್ತೇವೆ. ಮೇಜಿನ ಮೇಲೆ ನೂರು ಸಲ ತೆರೆಯುತ್ತೇವೆ. ಆ ನೂರು ಸಲಕ್ಕಾಗಿ ಪುಟ ಕಟ್ಟಬೇಕು.

ಬೇರೆ ಭಾಷೆಯ ದೊಡ್ಡ ಆಟಗಳು ಇದನ್ನು ಸರಿಯಾಗಿ ಮಾಡಿವೆಯೇ?

ಎಲ್ಲವೂ ಅಲ್ಲ. ಈ ಬಗೆಯ ಆಟಗಳಿಗೆ ದಾರಿ ತೆರೆದದ್ದು 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮಾಡಿದ್ದು, ಒಂದು ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಕ. ಅದನ್ನು ಆಡಲು ಬೇಕಾದ ಸಾಮಾನಿನ ಪಟ್ಟಿಯಲ್ಲಿ ಇನ್ನೊಂದು ಯುದ್ಧದಾಟದ ನಿಯಮ ಪುಸ್ತಕ, ಮತ್ತೊಂದು ಬೋರ್ಡ್ ಗೇಮ್ ಕೂಡ ಇದ್ದವು! ದಾರಿ ಮಾಡುವವರಿಗೆ ರಸ್ತೆ ಗುಡಿಸಲು ಪುರುಸೊತ್ತು ಇರುವುದಿಲ್ಲ, ಅದನ್ನು ತಪ್ಪು ಅನ್ನಲಾರೆ.

ನನಗೆ ಜಾಸ್ತಿ ಕಲಿಸಿದ್ದು 2019ರ ಓಲ್ಡ್-ಸ್ಕೂಲ್ ಎಸೆನ್ಷಿಯಲ್ಸ್. ಗ್ಯಾವಿನ್ ನಾರ್ಮನ್ ಅದರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 1981ರ ಹಳೆಯ ನಿಯಮಗಳನ್ನೇ ಮತ್ತೆ ಜೋಡಿಸಿದರು. ಒಂದು ವಿಷಯ ಒಂದು ಜೋಡಿಪುಟದಲ್ಲಿ, ಸಣ್ಣ ಸಣ್ಣ ವಾಕ್ಯ, ತಲೆಬರಹ ಕಣ್ಣಿಗೆ ಹೊಡೆಯುವಂತೆ. ನಿಯಮ ಹಳೆಯದೇ, ಜೋಡಣೆ ಹೊಸದು. ಅಷ್ಟಕ್ಕೇ ಜನ ಅದನ್ನು ಮೇಜಿನ ಮೇಲೆ ಇಟ್ಟುಕೊಂಡರು.

ಪುಸ್ತಕದಲ್ಲಿ ಯಾವುದು ಮೊದಲು ಬರಬೇಕು?

ಲೋಕದ ಕತೆ ಮೊದಲು ಬೇಡ. ರಾಜರ ವಂಶಾವಳಿ, ಊರಿನ ಪುರಾಣ, ಇವನ್ನು ಬರೆಯಲು ನಮಗೆ ಖುಷಿ. ಆದರೆ ಹೊಸಬರಿಗೆ ಮೊದಲು ಬೇಕಾದದ್ದು ಮೂರೇ: ನಾನು ಯಾರು, ನಾನೇನು ಮಾಡಬಹುದು, ದಾಳ ಯಾವಾಗ ಹಾಕಬೇಕು. ಅದು ಮೊದಲ ನಾಲ್ಕು ಪುಟದಲ್ಲಿ ಮುಗಿಯಲಿ. ಪಾತ್ರ ಕಟ್ಟುವುದು ಅದರ ನಂತರ. ಲೋಕದ ಕತೆ ಹಿಂದಿನ ಅರ್ಧಕ್ಕೆ.

ರಕ್ಷಾಪುಟದ ಒಳಬದಿಗಳನ್ನು ಖಾಲಿ ಬಿಡಬೇಡಿ. ಪುಸ್ತಕದಲ್ಲಿ ಹುಡುಕದೇ ಸಿಗುವ ಜಾಗ ಅವೆರಡೇ. ನಮ್ಮದರಲ್ಲಿ ಮುಂದಿನ ಒಳಬದಿಯಲ್ಲಿ ದಾಳದ ನಿಯಮ, ಹಿಂದಿನದರಲ್ಲಿ ಗಾಯ ಮತ್ತು ಬೀಳುವಿಕೆ ಇವೆ. ಬಾವಿಯ ನಿಯಮ ಈಗ ಅಲ್ಲೇ ಇದೆ.

ಜೋಡಿಪುಟ ಅಂದಿರಿ. ಏನದು?

ಪುಸ್ತಕ ತೆರೆದಾಗ ಎದುರುಬದುರು ಕಾಣುವ ಎರಡು ಪುಟ. ಹೊಡೆದಾಟದ ನಿಯಮ ಪೂರ್ತಿ 12 ಮತ್ತು 13ರಲ್ಲಿ ಮುಗಿದರೆ ಆಟ ಮುಗಿಯುವವರೆಗೆ ಪುಟ ಮಗುಚಬೇಕಾಗಿಲ್ಲ. ಅದೇ ನಿಯಮ 13ರಲ್ಲಿ ಶುರುವಾಗಿ 14ಕ್ಕೆ ಹೋದರೆ ಸಂಜೆಯಿಡೀ ಮಗುಚುವುದೇ ಕೆಲಸ. ಎಡಪುಟಕ್ಕೆ ಯಾವಾಗಲೂ ಸಮಸಂಖ್ಯೆ ಬರುತ್ತದೆ, ದೊಡ್ಡ ವಿಷಯ ಅಲ್ಲಿಂದಲೇ ಶುರುಮಾಡಿ. ಅರ್ಧ ಪುಟ ಖಾಲಿ ಉಳಿದರೂ ಪರವಾಗಿಲ್ಲ. ಅಲ್ಲಿ ಒಂದು ಚಿತ್ರ ಹಾಕಿ, ಅಥವಾ ಪೆನ್ಸಿಲಿನಲ್ಲಿ ಬರೆದುಕೊಳ್ಳಲು ಬಿಡಿ.

ಎರಡು ಪುಟಕ್ಕೆ ಹಿಡಿಯದ ನಿಯಮ ಇದ್ದರೆ? ನಮ್ಮ ಅನುಭವದಲ್ಲಿ ಆ ನಿಯಮವೇ ಜಾಸ್ತಿ ಉದ್ದ ಇರುತ್ತದೆ. ಜೋಡಣೆ ಮಾಡುತ್ತಾ ನಿಯಮವೂ ತಿದ್ದಿಹೋಗುತ್ತದೆ.

ಇಂಗ್ಲಿಷ್ ಪುಸ್ತಕದ ವಿನ್ಯಾಸವನ್ನೇ ಇಟ್ಟು ಕನ್ನಡ ಪಠ್ಯ ತುಂಬಿಸಬಹುದಲ್ಲ?

ನಾವೂ ಮೊದಲು ಹಾಗೆಯೇ ಮಾಡಿದೆವು. ಆಗುವುದಿಲ್ಲ. ಈ ಪ್ರಶ್ನೆಗೆ ಉದ್ದ ಉತ್ತರ ಬೇಕು, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ.

ಮೊದಲನೆಯದು ಸಾಲಿನ ಅಂತರ. ನಮ್ಮ ಅಕ್ಷರಕ್ಕೆ ಮೇಲೆ ಗುಣಿತ, ಕೆಳಗೆ ಒತ್ತಕ್ಷರ. ‘ಶಾಸ್ತ್ರ’, ‘ರಾಷ್ಟ್ರ’ ಬರೆದು ನೋಡಿ, ಒಂದರ ಕೆಳಗೆ ಎರಡು ಒತ್ತು. ಸಾಲು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ನಾವು 11 ಪಾಯಿಂಟ್ ಅಕ್ಷರಕ್ಕೆ 17 ಪಾಯಿಂಟ್ ಸಾಲು ಇಡುತ್ತೇವೆ. ಪುಟ ಜಾಸ್ತಿಯಾಗುತ್ತದೆ, ಆಗಲಿ. ನಮ್ಮ ಗುಂಪಿನಲ್ಲಿ ಮಲಯಾಳಂ ಶಾಲೆಯಲ್ಲಿ ಓದಿ, ಮನೆಯಲ್ಲಿ ಕನ್ನಡ ಅಕ್ಷರ ಕಲಿತ ಇಬ್ಬರಿದ್ದಾರೆ. ಅಂತರ ಹೆಚ್ಚಿಸಿದ ದಿನವೇ ಅವರು ಜೋರಾಗಿ ಓದತೊಡಗಿದರು. ನನಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡನೆಯದು ಕಾಲಂ. ಕನ್ನಡದ ಪದ ಉದ್ದ. ‘ಹಾಕಬೇಕಾಗುತ್ತದೆ’ ಅಂತ ಬರೆದರೆ ಅರ್ಧ ಸಾಲು ಮುಗಿಯಿತು. ಸಣ್ಣ ಪುಟದಲ್ಲಿ ಎರಡು ಕಾಲಂ ಮಾಡಿ ಎರಡೂ ಅಂಚು ಸಮ ಮಾಡಿದರೆ ಪದಗಳ ನಡುವೆ ದೊಡ್ಡ ದೊಡ್ಡ ಬಿರುಕು ಬೀಳುತ್ತದೆ. ಒಂದೇ ಕಾಲಂ ಇಡಿ, ಬಲ ಅಂಚನ್ನು ಅದರ ಪಾಡಿಗೆ ಬಿಡಿ. ವಾಕ್ಯವನ್ನೂ ಸಣ್ಣದು ಮಾಡಿ. ‘ಹಾಕಬೇಕಾಗುತ್ತದೆ’ ಯಾಕೆ, ‘ಹಾಕಿ’ ಸಾಕಲ್ಲ?

ಮೂರನೆಯದು ಒತ್ತು ಕೊಟ್ಟು ತೋರಿಸುವುದು. ಇಂಗ್ಲಿಷಿನಲ್ಲಿ ಆಟದ ಪದಗಳನ್ನು ದೊಡ್ಡಕ್ಷರದಿಂದ ಶುರುಮಾಡಿ ಬೇರೆ ಮಾಡುತ್ತಾರೆ. ನಮಗೆ ದೊಡ್ಡಕ್ಷರ ಇಲ್ಲ. ಓರೆ ಅಕ್ಷರವೂ ಹೆಚ್ಚಿನ ಫಾಂಟ್‌ಗಳಲ್ಲಿ ಇಲ್ಲ. ಸಾಫ್ಟ್‌ವೇರ್ ಇದ್ದ ಅಕ್ಷರವನ್ನೇ ವಾಲಿಸುತ್ತದೆ, ಅದು ಗಾಳಿಗೆ ಬಾಗಿದ ಅಡಿಕೆ ಮರದಂತೆ ಕಾಣುತ್ತದೆ. ಉಳಿದದ್ದು ದಪ್ಪ ಅಕ್ಷರ. ಅದರಲ್ಲೂ ಎಚ್ಚರ ಬೇಕು. ಸಣ್ಣ ಗಾತ್ರದಲ್ಲಿ ದಪ್ಪ ಮಾಡಿದರೆ ಅಕ್ಷರದ ಹೊಟ್ಟೆ ತುಂಬಿಹೋಗುತ್ತದೆ. ‘ದ’ಕ್ಕೂ ‘ಧ’ಕ್ಕೂ ಇರುವ ಸೀಳು ಕಾಣುವುದಿಲ್ಲ, ‘ಪ’ ಮತ್ತು ‘ಫ’ ಒಂದೇ ಆಗುತ್ತವೆ. ಪೂರ್ತಿ ದಪ್ಪದ ಬದಲು ನಡುದಪ್ಪ ಬಳಸಿ, ಅದೂ ಆಟದ ಪದಕ್ಕೆ ಮಾತ್ರ. ಪುಟದ ಅರ್ಧ ದಪ್ಪ ಮಾಡಿದರೆ ಯಾವುದೂ ಎದ್ದು ಕಾಣುವುದಿಲ್ಲ.

ಯಾವ ಫಾಂಟ್ ಒಳ್ಳೆಯದು?

ನೋಟೊ ಸೆರಿಫ್ ಕನ್ನಡ ಅಥವಾ ನೋಟೊ ಸಾನ್ಸ್ ಕನ್ನಡ. ಎರಡೂ ಉಚಿತ, ಹಲವು ದಪ್ಪಗಳಲ್ಲಿ ಸಿಗುತ್ತವೆ. ಕೋಷ್ಟಕಕ್ಕೆ ಅನೇಕ್ ಕನ್ನಡ ನೋಡಿ, ಅದರಲ್ಲಿ ಅಗಲವನ್ನೂ ಕಡಿಮೆ ಮಾಡಬಹುದು. ಅಲಂಕಾರದ ಫಾಂಟ್ ರಕ್ಷಾಪುಟಕ್ಕೆ ಮಾತ್ರ ಸಾಕು.

ಆಟದ ಪದಗಳನ್ನು ಹೇಗೆ ಆರಿಸಬೇಕು?

ಇದು ನನ್ನ ಇಷ್ಟದ ವಿಷಯ. ಇಂಗ್ಲಿಷಿನಲ್ಲಿ ಎರಡಕ್ಷರದ ಹ್ರಸ್ವರೂಪ ನಡೆಯುತ್ತದೆ. ಕನ್ನಡದಲ್ಲಿ ಜೀವ ಅಂಕಕ್ಕೆ ‘ಜೀ.ಅಂ.’ ಅಂತ ಬರೆದರೆ ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಪದವೇ ಸಣ್ಣದಿರಬೇಕು. ನಮ್ಮ ನಾಲ್ಕು ಗುಣಗಳು ಮೊದಲು ಬಲ, ಬುದ್ಧಿ, ಚುರುಕು, ಧೈರ್ಯ ಅಂತ ಇದ್ದವು. ಪಾತ್ರದ ಹಾಳೆಯಲ್ಲಿ, ಅಂದರೆ ಪಾತ್ರದ ವಿವರ ಬರೆದಿಡುವ ಹಾಳೆಯಲ್ಲಿ, ಬಲ, ಬುದ್ಧಿ ಎರಡೂ ‘ಬ’. ಅವಸರದಲ್ಲಿ ಜನ ತಪ್ಪು ಸಾಲು ನೋಡುತ್ತಿದ್ದರು. ಬುದ್ಧಿಯನ್ನು ‘ಅರಿವು’ ಮಾಡಿದೆವು. ಈಗ ನಾಲ್ಕಕ್ಕೂ ಬೇರೆ ಬೇರೆ ಮೊದಲಕ್ಷರ, ಗೊಂದಲ ನಿಂತಿತು.

ಇಲ್ಲಿನ ಮೇಜಿನಲ್ಲಿ ಇನ್ನೊಂದು ಸಂಗತಿ ಇದೆ. ಒಬ್ಬರ ಮನೆಮಾತು ತುಳು, ಇನ್ನೊಬ್ಬರದು ಮಲಯಾಳಂ, ಮತ್ತೊಬ್ಬರದು ಹವ್ಯಕ ಕನ್ನಡ ಅಥವಾ ಕೊಂಕಣಿ. ಬಲ, ಧೈರ್ಯ ಎಲ್ಲರಿಗೂ ಗೊತ್ತು. ನಿಘಂಟಿನಿಂದ ಹೆಕ್ಕಿದ ‘ಸ್ಥಿತಿಸ್ಥಾಪಕತ್ವ’ದಂಥ ಪದ ಯಾರಿಗೂ ಬೇಡ. ದಾಳ, ಪಾಯಿಂಟು, ಲೆವೆಲ್ಲು ಅಂತ ಬಾಯಲ್ಲಿ ಬರುವುದನ್ನೇ ಬರೆಯಿರಿ. ಬಾಯಲ್ಲಿ ಒಂದು, ಪುಸ್ತಕದಲ್ಲಿ ಇನ್ನೊಂದು ಇದ್ದರೆ ಹುಡುಕುವಾಗ ಕಷ್ಟ.

ವಿಭಕ್ತಿಯ ಬಗ್ಗೆಯೂ ಯೋಚಿಸಿ. ‘ಚುರುಕು’ ವಾಕ್ಯದಲ್ಲಿ ‘ಚುರುಕಿನ’, ‘ಚುರುಕಿನಿಂದ’ ಆಗುತ್ತದೆ. ಪಿಡಿಎಫ್‌ನಲ್ಲಿ ‘ಚುರುಕು’ ಅಂತ ಹುಡುಕಿದರೆ ಅವು ಸಿಗುವುದೇ ಇಲ್ಲ. ‘ಬಲ’ ಹುಡುಕಿದರೆ ‘ಬಲೆ’, ‘ಬಲಗಡೆ’ ಎಲ್ಲ ಬರುತ್ತವೆ. ಅದಕ್ಕೆ ನಾವು ನಿಯಮದ ಸಾಲಿನಲ್ಲಿ ಪದವನ್ನು ಬಾಗಿಸುವುದಿಲ್ಲ. ‘ಚುರುಕು ಪರೀಕ್ಷೆ ಮಾಡಿ’ (ಅಂದರೆ ಆ ಗುಣಕ್ಕಾಗಿ ದಾಳ ಹಾಕಿ), ‘ಬಲ ಪರೀಕ್ಷೆ ಮಾಡಿ’ ಅಂತ ಒಂದೇ ಅಚ್ಚಿನಲ್ಲಿ ಬರೆಯುತ್ತೇವೆ. ಸ್ವಲ್ಪ ಗಡುಸಾಗಿ ಕೇಳಬಹುದು. ಆದರೆ ‘ಚುರುಕು ಪರೀಕ್ಷೆ’ ಹುಡುಕಿದರೆ ಪುಸ್ತಕದ ಎಲ್ಲ ಚುರುಕು ಪರೀಕ್ಷೆಗಳೂ ಸಿಗುತ್ತವೆ.

ಕನ್ನಡ ಅಂಕಿ ಬಳಸಬೇಕೇ?

ಅಭಿಮಾನದ ಪ್ರಶ್ನೆ, ಗೊತ್ತು. ನನಗೂ ಕನ್ನಡ ಅಂಕಿ ಇಷ್ಟ. ಆದರೆ ದಾಳದ ಮೇಲೆ ಇರುವುದು 1, 2, 3. ದಾಳದಲ್ಲಿ ಕಂಡದ್ದೇ ಕೋಷ್ಟಕದಲ್ಲೂ ಕಾಣಬೇಕು. ಜೊತೆಗೆ ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ. ಅಧ್ಯಾಯದ ಸಂಖ್ಯೆಗೆ ಕನ್ನಡ ಅಂಕಿ ಹಾಕಿ, ಚೆನ್ನಾಗಿರುತ್ತದೆ.

ಇಪ್ಪತ್ತು ಮುಖದ ದಾಳ ನಮ್ಮ ಊರಲ್ಲಿ ಸಿಗುವುದಿಲ್ಲ. ಕೋಷ್ಟಕ ಹೇಗೆ ಮಾಡಲಿ?

ಲೂಡೋ ಪೆಟ್ಟಿಗೆಯ ಆರು ಮುಖದ ದಾಳವೇ ಸಾಕು. ಎರಡು ಬಗೆಯಲ್ಲಿ ಬಳಸಬಹುದು.

ಎರಡು ದಾಳ ಕೂಡಿಸಿದರೆ 2ರಿಂದ 12ರವರೆಗೆ ಬರುತ್ತದೆ, ಆದರೆ ಸಮನಾಗಿ ಅಲ್ಲ. ಒಟ್ಟು 36 ಬಗೆಯಲ್ಲಿ 6 ಬಗೆ 7 ಕೊಡುತ್ತವೆ, 2 ಕೊಡುವುದು ಒಂದೇ ಬಗೆ. ಹಾಗಾಗಿ ದಿನಾ ಆಗುವ ಸಂಗತಿಯನ್ನು 7ರ ಎದುರು ಬರೆಯಿರಿ, ಅಪರೂಪದ್ದನ್ನು ತುದಿಗಳಲ್ಲಿ. ಕಾಡಿನ ಕೋಷ್ಟಕದಲ್ಲಿ 7ಕ್ಕೆ ಮಂಗ, 12ಕ್ಕೆ ಹುಲಿ.

ಇನ್ನೊಂದು, ಒಂದು ದಾಳವನ್ನು ಹತ್ತರ ಸ್ಥಾನ, ಇನ್ನೊಂದನ್ನು ಬಿಡಿ ಸ್ಥಾನ ಅಂತ ಓದುವುದು. 11ರಿಂದ 16, 21ರಿಂದ 26, ಹೀಗೆ 66ರವರೆಗೆ. 36 ಸಾಲು, ಎಲ್ಲಕ್ಕೂ ಸಮಾನ ಅವಕಾಶ. ಎರಡು ದಾಳಕ್ಕೆ ಬೇರೆ ಬೇರೆ ಬಣ್ಣ ಇರಲಿ. ಆರಾರು ಸಾಲಿಗೆ ಒಂದು ತೆಳು ಗೆರೆ ಎಳೆಯಿರಿ, ಇಲ್ಲದಿದ್ದರೆ 43 ಹುಡುಕುತ್ತಾ ಕಣ್ಣು ಜಾರುತ್ತದೆ.

ಕೋಷ್ಟಕ ಯಾವತ್ತೂ ಅರ್ಧಕ್ಕೆ ಮುರಿದು ಮುಂದಿನ ಪುಟಕ್ಕೆ ಹೋಗಬಾರದು. ಇದರಲ್ಲಿ ನನಗೆ ರಾಜಿ ಇಲ್ಲ.

ನಿಯಮ ಪುಸ್ತಕ ಇಲ್ಲದೇ ಅಜ್ಜಿಯಂದಿರು ಚೆನ್ನೆಮಣೆ ಕಲಿಸಿದರಲ್ಲ?

ನಿಜ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ. ಮಣೆಯೇ ಅರ್ಧ ನಿಯಮ ಹೇಳುತ್ತದೆ. ಪಾತ್ರದ ಹಾಳೆಯೂ ಹಾಗೆ ಹೇಳಬೇಕು. ಗಾಯ ಗುರುತಿಸಲು ಎಷ್ಟು ಚೌಕ ಇದೆಯೋ ಅಷ್ಟೇ ಗಾಯ ತಾಳಬಹುದು ಅಂತ ನೋಡಿದರೇ ಗೊತ್ತಾಗಬೇಕು. ಬೆನ್ನಿಗೆ ಹೊರುವ ಸಾಮಾನಿಗೆ ಎಂಟು ಗೆರೆ ಇಟ್ಟರೆ ಭಾರದ ಲೆಕ್ಕವೇ ಬೇಡ. ಹಾಳೆಯಲ್ಲಿ ತೋರಿಸಿದ್ದನ್ನು ಪುಸ್ತಕದಲ್ಲಿ ಮತ್ತೆ ವಿವರಿಸಬೇಕಾಗಿಲ್ಲ.

ಸಾಹಸದ ಕತೆಯನ್ನು ಹೇಗೆ ಬರೆಯಬೇಕು? ಓದಿ ಹೇಳುವ ವರ್ಣನೆ ಬೇಕೇ?

ಉದ್ದ ವರ್ಣನೆ ಬೇಡ. ನಮ್ಮ ಒಂದು ಸಾಹಸ ಎಣ್ಮಕಜೆ ಕಡೆಯ ಸುರಂಗದಲ್ಲಿ ನಡೆಯುತ್ತದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೆದು ನೀರು ತರುವ ಸುರಂಗಗಳು ನಮಗೆ ಗೊತ್ತಲ್ಲ, ಅದಕ್ಕಿಂತ ಒಳ್ಳೆಯ ಕತ್ತಲೆ ಎಲ್ಲಿ ಸಿಗುತ್ತದೆ? ಮೊದಲ ಸಲ ನಾನು ಸುರಂಗದ ಬಾಯಿಯ ಬಗ್ಗೆ ಒಂದು ಪುಟ ಬರೆದಿದ್ದೆ. ಭಾಗವತರು ಅದನ್ನು ಓದುತ್ತಾ ಹೋದರು, ಎದುರಿಗಿದ್ದವರು ಆಕಳಿಸಿದರು. ಕೊನೆಯ ಸಾಲಿನಲ್ಲಿ ಹಾವು ಇತ್ತು. ಯಾರೂ ಅಲ್ಲಿವರೆಗೆ ಕೇಳಿಸಿಕೊಂಡಿರಲಿಲ್ಲ.

ಈಗ ಹೀಗೆ ಬರೆಯುತ್ತೇನೆ. ಸುರಂಗದ ಬಾಯಿ: ಒಬ್ಬರು ಮಾತ್ರ ಹೋಗುವಷ್ಟು ಅಗಲ. ಪಾದ ಮುಳುಗುವ ತಣ್ಣನೆ ನೀರು. ಎಡಗಡೆ ಗೂಡಿನಲ್ಲಿ ಹಾವು. ದೀಪ ಮಂಕಾದರೆ ಒಳಗೆ ಗಾಳಿ ಕಡಿಮೆ, ಧೈರ್ಯ ಪರೀಕ್ಷೆ ಮಾಡಿ. ಅಷ್ಟೇ. ಕಣ್ಣಿಗೆ ಮೊದಲು ಕಾಣುವುದು ಮೊದಲು, ಹುಡುಕಿದರೆ ಸಿಗುವುದು ಕೊನೆಗೆ. ಉಳಿದ ಮಾತು ಭಾಗವತರ ಬಾಯಿಂದ ಬರಲಿ. ಪದ್ಯ ಕೊಟ್ಟರೆ ಅರ್ಥ ಹೇಳುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ! ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿ ಬೆಳೆದ ಊರಿದು.

ನಕ್ಷೆಯನ್ನು ಆಯಾ ಜಾಗದ ವಿವರಣೆ ಇರುವ ಜೋಡಿಪುಟದಲ್ಲೇ ಹಾಕಿ, ಸಣ್ಣದಾಗಿಯಾದರೂ.

ಚಿತ್ರ, ಬಣ್ಣ ಎಷ್ಟಿರಬೇಕು?

2020ರಲ್ಲಿ ಬಂದ ಸ್ವೀಡನ್ನಿನ ಮೋರ್ಕ್ ಬೋರಿ ಎಂಬ ಆಟದ ಪುಸ್ತಕ ಹಳದಿ, ಕಪ್ಪು, ಅಡ್ಡಾದಿಡ್ಡಿ ಅಕ್ಷರಗಳಿಂದ ತುಂಬಿದೆ. ನೋಡಲು ಅದ್ಭುತ. ಆದರೆ ಅವರೇ ಅದರ ಜೊತೆಗೆ ಅಲಂಕಾರವಿಲ್ಲದ ಸರಳ ಆವೃತ್ತಿಯನ್ನೂ ಉಚಿತವಾಗಿ ಕೊಟ್ಟರು. ನಿಮಗೆ ಚಿತ್ರಕಾರರು ಇದ್ದರೆ ಹಾಗೆ ಎರಡೂ ಮಾಡಿ. ಪಠ್ಯದ ಹಿಂದೆ ಮಾತ್ರ ಚಿತ್ರ ಹಾಕಬೇಡಿ. ಕೆಂಪು, ಹಸಿರು ಬೇರೆ ಮಾಡಿ ನೋಡಲಾಗದವರು ಇರುತ್ತಾರೆ, ಬಣ್ಣದ ಜೊತೆ ಒಂದು ಗುರುತೂ ಇರಲಿ.

ಗಾತ್ರ, ಕಾಗದ, ಬೈಂಡಿಂಗ್?

ಎ5, ಅಂದರೆ 148 ಗುಣಿಸು 210 ಮಿಲಿಮೀಟರ್. ಎ4 ಹಾಳೆ ಮಡಚಿದರೆ ಆಯಿತು, ಜೆರಾಕ್ಸ್ ಅಂಗಡಿಯಲ್ಲೇ ಮಾಡಬಹುದು. ಪ್ರೆಸ್ಸಿನಲ್ಲಿ ಡೆಮಿ 1/8 ಅಂದರೂ ಹತ್ತಿರದ ಗಾತ್ರವೇ. ನಡುವೆ ಪಿನ್ನು ಹೊಡೆಯುವುದಾದರೆ ಪುಟಗಳ ಸಂಖ್ಯೆ 4ರಿಂದ ಭಾಗವಾಗಬೇಕು.

ಹೊಳೆಯುವ ಕಾಗದ ಬೇಡ. ಟ್ಯೂಬ್‌ಲೈಟ್ ಅದರಲ್ಲಿ ಮುಖ ನೋಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಎಮರ್ಜೆನ್ಸಿ ದೀಪದ ಬೆಳಕಿನಲ್ಲಿ ನಮ್ಮ ಆಟ ನಡೆಯುತ್ತದೆ, ಆಗ ಇನ್ನೂ ಕಷ್ಟ. 80 ಜಿಎಸ್‌ಎಂ ನ್ಯಾಚುರಲ್ ಶೇಡ್ ಕಾಗದ ಸಾಕು. ಬೆನ್ನಿಗೆ ಅಂಟು ಹಾಕಿದ ಪುಸ್ತಕ ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಸ್ಪೈರಲ್ ಹಾಕಿಸಿ. ಮೇಜಿನ ಮೇಲೆ ಬಿಡಿಸಿಟ್ಟಂತೆ ಇರುತ್ತದೆ.

ಪಿಡಿಎಫ್ ಕೊಟ್ಟರೆ ಸಾಲದೇ? ಎಲ್ಲರ ಹತ್ತಿರ ಫೋನ್ ಇದೆ.

ಕೊಡಿ, ಆದರೆ ಯೂನಿಕೋಡ್ ಪಠ್ಯದಿಂದ ಮಾಡಿ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದರೆ ನೋಡಲು ಕನ್ನಡ, ಹುಡುಕಿದರೆ ಏನೂ ಸಿಗುವುದಿಲ್ಲ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿ ನೋಡಿ. ಅಕ್ಷರ ಚೆಲ್ಲಾಪಿಲ್ಲಿಯಾದರೆ ಹುಡುಕಾಟವೂ ಸರಿ ನಡೆಯುವುದಿಲ್ಲ. ಬದಿಯ ಪಟ್ಟಿಯಲ್ಲಿ ಅಧ್ಯಾಯಗಳ ಕೊಂಡಿ ಹಾಕಿ.

ಯಾವ ಸಾಫ್ಟ್‌ವೇರ್?

ಲಿಬ್ರೆ ಆಫೀಸ್ ರೈಟರ್ ಧಾರಾಳ ಸಾಕು, ಉಚಿತ. ಪುಟದ ಮೇಲೆ ಇನ್ನೂ ಹಿಡಿತ ಬೇಕಾದರೆ ಸ್ಕ್ರೈಬಸ್ 1.6. ಪ್ರೆಸ್ಸಿಗೆ ಕೊಡುವಾಗ ಫಾಂಟ್ ಒಳಗೊಂಡ ಪಿಡಿಎಫ್ ಕೊಡಿ, ಬರೆದ ಫೈಲು ಕೊಡಬೇಡಿ. ನಾವು ಒಮ್ಮೆ ಫೈಲು ಕೊಟ್ಟು, ಒಂದು ಪ್ರೆಸ್ಸಿನಲ್ಲಿ ಅದನ್ನು ಬೇರೆ ಫಾಂಟಿಗೆ ಬದಲಾಯಿಸಿ, ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಸರಿದ ಪುಸ್ತಕ ಕೈಗೆ ಬಂತು. ಅಷ್ಟೂ ಪ್ರತಿ ಬಳಸಲಾಗಲಿಲ್ಲ. ತುಂಬ ಬೇಸರವಾಗಿತ್ತು.

ಇಂಗ್ಲಿಷ್ ಆಟವೊಂದನ್ನು ಕನ್ನಡಕ್ಕೆ ತರಬಹುದೇ?

ಪರವಾನಗಿ ನೋಡಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ಮೂಲ ನಿಯಮಗಳ ಸಂಗ್ರಹ, ಎಸ್‌ಆರ್‌ಡಿ 5.1, 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಮೂಲದ ಹೆಸರು ಹೇಳಿ ಅನುವಾದ ಮಾಡಬಹುದು, ಮಾರಲೂಬಹುದು. ಅವರ ಪೂರ್ತಿ ಪುಸ್ತಕಗಳಿಗೆ ಇದು ಅನ್ವಯಿಸುವುದಿಲ್ಲ.

ಪುಸ್ತಕ ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಹತ್ತು ಚೀಟಿ ಬರೆಯಿರಿ. ‘ಬಾವಿಗೆ ಬಿದ್ದರೆ ಏನು?’ ‘ಹಗ್ಗದ ಬೆಲೆ ಎಷ್ಟು?’ ‘ಇಬ್ಬರು ಸೇರಿ ಬಾಗಿಲು ದೂಡಬಹುದೇ?’ ಪುಸ್ತಕ ನೋಡದವರ ಕೈಗೆ ಅದನ್ನು ಕೊಡಿ, ಒಂದೊಂದೇ ಚೀಟಿ ಓದಿ, ಗಡಿಯಾರ ನೋಡಿ. ನಮ್ಮ ಲೆಕ್ಕದಲ್ಲಿ 20 ಸೆಕೆಂಡಿನೊಳಗೆ ಸಿಗಬೇಕು. ನೀವು ಮಾತ್ರ ಬಾಯಿ ತೆರೆಯಬಾರದು. ಸುಮ್ನೆ ಕುಳಿತುಕೊಳ್ಳುವುದು ಬಹಳ ಕಷ್ಟ, ಆದರೂ ಕುಳಿತುಕೊಳ್ಳಿ. ಅವರು ಮೊದಲು ಯಾವ ಪುಟ ತೆರೆದರು ಅಂತ ಬರೆದುಕೊಳ್ಳಿ. ಆ ನಿಯಮ ಇರಬೇಕಾದ ಜಾಗ ಅದೇ. ಹೋಗಿ ಅಲ್ಲಿಗೆ ಸರಿಸಿ.

ಅವರು ಬಾಯಲ್ಲಿ ಹೇಳಿದ ಪದವನ್ನೂ ಬರೆದುಕೊಳ್ಳಿ. ಒಬ್ಬರು ‘ಪೆಟ್ಟು’ ಅಂತ ಹುಡುಕಿದರು, ನಮ್ಮ ಪದಸೂಚಿಯಲ್ಲಿ ‘ಗಾಯ’ ಮಾತ್ರ ಇತ್ತು. ಈಗ ಪದಸೂಚಿಯಲ್ಲಿ ‘ಪೆಟ್ಟು’ ಕೂಡ ಇದೆ, ಎದುರಿಗೇ ಪುಟದ ಸಂಖ್ಯೆ. ‘ಗಾಯ ನೋಡಿ’ ಅಂತ ಬರೆದು ಇನ್ನೊಂದು ಕಡೆಗೆ ಅಟ್ಟಬೇಡಿ.

ಅಚ್ಚಾದ ಮೇಲೆ ತಪ್ಪು ಸಿಕ್ಕಿದರೆ?

ಸಿಕ್ಕೇ ಸಿಗುತ್ತದೆ. ರಕ್ಷಾಪುಟದ ಮೇಲೆ ಆವೃತ್ತಿ ಸಂಖ್ಯೆ ಮತ್ತು ತಿಂಗಳು ಹಾಕಿ, ಇಲ್ಲದಿದ್ದರೆ ಒಂದೇ ಮೇಜಿನಲ್ಲಿ ಎರಡು ಬಗೆಯ ಪುಸ್ತಕ ಸೇರಿಬಿಡುತ್ತದೆ. ತಿದ್ದುಪಡಿಯನ್ನು ಬೇರೆ ಹಾಳೆಯಲ್ಲಿ ಕೊಡಬೇಡಿ, ಅದು ಕಳೆದುಹೋಗುತ್ತದೆ. ಸರಿಯಾದ ಸಾಲನ್ನು ಅದೇ ಅಳತೆಯಲ್ಲಿ ಅಚ್ಚು ಹಾಕಿಸಿ, ಕತ್ತರಿಸಿ, ತಪ್ಪಿನ ಮೇಲೆಯೇ ಅಂಟಿಸಿ. ನಮ್ಮ ಎರಡನೇ ಆವೃತ್ತಿಯ 12ನೇ ಪುಟದಲ್ಲಿ ಅಂಥ ಒಂದು ಚೀಟಿ ಇದೆ. ಈ ಭಾನುವಾರ ಉಳಿದ ಪ್ರತಿಗಳಿಗೆ ಅಂಟಿಸುತ್ತಿದ್ದೇವೆ, ಗೋಂದು ನಮ್ಮಲ್ಲಿ ಇದೆ, ನಿಮ್ಮ ಪ್ರತಿ ತನ್ನಿ.